ನಿನ್ನೆಯ ಜೊತೆಗಾರರಿಗೆ ಇಂದು ಸೂಪರ್‌ವೈಸರ್ ಆದವರಿಗೆ

ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶಗಳ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಸೂಪರ್‌ವೈಸರ್ ಆಗುವವರಲ್ಲಿ ಅನೇಕರು ಅಲ್ಲಿಯೇ ಲೇತ್ ಯಂತ್ರ ನಡೆಸಿ ಮೇಲೆ ಬಂದವರು. ಕೈಕೆಲಸ ಬಲ್ಲರೆಂದು ಬಡ್ತಿ ಸಿಗುತ್ತದೆ, ಆದರೆ ಇನ್ನೊಬ್ಬರಿಂದ ಕೆಲಸ ಮಾಡಿಸುವ ಬಗೆಯನ್ನು ಅವರಿಗೆ ಯಾರೂ ಕಲಿಸಿರುವುದಿಲ್ಲ. ಹೇಳುವ ಮಾತು ಅಳತೆಗೆ ಸಿಗುವಂತಿರಬೇಕು ಮತ್ತು ಹೇಳಿದ್ದು ಬರಹದಲ್ಲಿ ಉಳಿಯಬೇಕು. ಈ ಎರಡನ್ನು ಬಿಡದೆ ಪಾಲಿಸಿದರೆ ಅಧಿಕಾರ, ಸ್ನೇಹ ಎರಡೂ ಉಳಿಯುತ್ತವೆ ಎಂಬುದು ನನ್ನ ದೃಢವಾದ ನಂಬಿಕೆ.

ಹೊಣೆ ವಹಿಸಿಕೊಳ್ಳುವ ಮೊದಲು ಮಾಲೀಕರೊಡನೆ ಕುಳಿತು ನಿಮ್ಮ ಅಧಿಕಾರದ ಎಲ್ಲೆಯನ್ನು ಕೇಳಿ ತಿಳಿಯಿರಿ. ರಜೆ ಮಂಜೂರು ಮಾಡುವವರು ಯಾರು, ಓಟಿ, ಅಂದರೆ ಹೆಚ್ಚುವರಿ ಗಂಟೆಗಳ ದುಡಿಮೆ, ಹಂಚುವವರು ಯಾರು, ಅಳತೆ ತಪ್ಪಿದಾಗ ಮಷಿನ್ ನಿಲ್ಲಿಸಲು ನಿಮಗೆ ಹಕ್ಕಿದೆಯೇ ಎಂಬುದು ಇತ್ಯರ್ಥವಾಗದಿದ್ದರೆ, ನೀವು ಇಲ್ಲವೆಂದದ್ದನ್ನು ಹುಡುಗರು ಮಾಲೀಕರ ಬಳಿ ಹೋಗಿ ಹೌದೆನಿಸಿಕೊಂಡು ಬರುತ್ತಾರೆ. ಆ ಬಳಿಕ ನಿಮ್ಮ ಮಾತಿಗೆ ತೂಕ ಉಳಿಯುವುದಿಲ್ಲ.

ಇನ್ನು ಕೆಲಸ ಹೇಳುವ ರೀತಿ. ‘ಇದನ್ನು ಜರಾ ಲಗೂನ ಮುಗಿಸ್ರಿ’ ಎನ್ನುವುದು ಸೂಚನೆಯಾಗದು, ಏಕೆಂದರೆ ಲಗು ಎಂದರೆ ಒಬ್ಬರಿಗೆ ಊಟದೊಳಗೆ, ಇನ್ನೊಬ್ಬರಿಗೆ ನಾಳೆ. ಯಾವ ಡ್ರಾಯಿಂಗ್, ಎಷ್ಟು ಪೀಸ್, ಎಷ್ಟು ಗಂಟೆಯೊಳಗೆ, ಅಳತೆಯಲ್ಲಿ ಎಷ್ಟು ವ್ಯತ್ಯಾಸ ನಡೆಯುತ್ತದೆ, ಅಡಚಣೆ ಬಂದರೆ ಯಾರಿಗೆ ತಿಳಿಸಬೇಕು ಎಂಬಷ್ಟನ್ನೂ ಹೇಳಬೇಕು. ಉದಾಹರಣೆಗೆ, ‘ಈ ಶಾಫ್ಟ್ 25 ಮಿ.ಮೀ. ವ್ಯಾಸಕ್ಕೆ ಬರಬೇಕು, 0.02 ಮಿ.ಮೀ. ಮೀರಿ ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು, ಸಂಜೆ ನಾಲ್ಕು ಗಂಟೆಯ ಹೊತ್ತಿಗೆ 40 ಪೀಸ್ ಬೇಕು, ಮೊದಲನೆಯದನ್ನು ನನಗೆ ತೋರಿಸಿ ಮುಂದುವರಿಯಿರಿ’ ಎಂದರೆ ಕೇಳಿದವನಿಗೆ ಊಹಿಸಲು ಏನೂ ಉಳಿಯುವುದಿಲ್ಲ. ಮಷಿನ್ ಸದ್ದಿನಲ್ಲಿ ಅರ್ಧ ಕೇಳಿಸಿಕೊಂಡವರೂ ‘ಆತ್ರಿ’ ಎಂದುಬಿಡುತ್ತಾರೆ. ಆದ್ದರಿಂದ ‘ತಿಳೀತೇನು?’ ಎಂದು ಕೇಳುವ ಬದಲು ‘ಮೊದಲು ಏನು ಮಾಡೋರು, ಹೇಳ್ರಿ ನೋಡೋಣು’ ಎಂದು ಅವರ ಬಾಯಿಂದಲೇ ಹೇಳಿಸಿರಿ. ಮೊದಲ ಪೀಸನ್ನು ಇಬ್ಬರೂ ಸೇರಿ ಮೈಕ್ರೊಮೀಟರ್ ಹಿಡಿದು ನೋಡಿದರೆ ಮುಂದಿನ ಜಗಳಗಳಲ್ಲಿ ಬಹುಪಾಲು ಅಲ್ಲಿಯೇ ತಪ್ಪುತ್ತವೆ.

ಶಿಫ್ಟ್ ಬದಲಾಗುವಾಗಲೂ ಇದೇ ಎಚ್ಚರ ಬೇಕು. ಹೋಗುವವನು ಗೇಟಿನಲ್ಲಿ, ಬರುವವನು ಮಷಿನ್ ಬಳಿ ಎಂಬಂತಾಗದೆ, ಹತ್ತು ನಿಮಿಷವಾದರೂ ಇಬ್ಬರೂ ಮಷಿನ್ ಮುಂದೆ ನಿಂತು ಟೂಲ್ ಎಷ್ಟು ಸವೆದಿದೆ, ಯಾವ ಅಳತೆ ಸರಿಯುತ್ತಿದೆ ಎಂಬುದನ್ನು ರಿಜಿಸ್ಟರಿನಲ್ಲಿ ಬರೆಯಲಿ. ವಾಟ್ಸಾಪ್ ಗುಂಪು ತಿಳಿವಳಿಕೆ ಕೊಡುವುದಕ್ಕೆ ಮಾತ್ರ ಇರಲಿ, ಅಲ್ಲಿ ಯಾರನ್ನೂ ಬೈಯಬಾರದು.

ಹೆಚ್ಚು ಸೂಕ್ಷ್ಮವಾದದ್ದು ನಿಮಗಿಂತ ಹಿರಿಯರಾದವರ ಸಂಗತಿ. ನಿಮಗೆ ಟೂಲ್ ಕಟ್ಟುವುದನ್ನು ಕಲಿಸಿದವರಿಗೇ ನೀವು ಈಗ ಕೆಲಸ ಹಂಚಬೇಕಾಗುತ್ತದೆ. ಅವರನ್ನು ಮೊದಲಿನಂತೆಯೇ ಕಾಕಾ ಎಂದು ಕರೆಯಿರಿ. ಹುದ್ದೆ ಬಂತೆಂದು ಹೆಸರು ಹಿಡಿದು ಕರೆಯತೊಡಗಿದರೆ ಇಡೀ ಶಾಪ್ ಅದನ್ನು ಗಮನಿಸುತ್ತದೆ. ಕಷ್ಟದ ಜಾಬ್ ಬಂದಾಗ ‘ಕಾಕಾ, ಇದನ್ನ ಹೆಂಗ ಹಿಡದ್ರ ಛಲೋ ಆಗತೈತ್ರಿ?’ ಎಂದು ಎಲ್ಲರೆದುರಿಗೆ ಕೇಳಿ, ಅವರ ಸಲಹೆ ಫಲಿಸಿದಾಗ ಅದು ಅವರದೆಂದು ಮಾಲೀಕರಿಗೂ ತಿಳಿಸಿರಿ. ಅವರ ಕೆಲಸ ತಪ್ಪಿದಾಗ ಮಾತ್ರ ಬೇರೆಯವರಿಲ್ಲದ ಕಡೆ ಕರೆದು, ರಿಜೆಕ್ಟ್ ಆದ ಪೀಸ್ ಕೈಯಲ್ಲಿಟ್ಟು, ಆ ಪೀಸಿನ ಬಗ್ಗೆಯೇ ಮಾತನಾಡಿರಿ. ವಯಸ್ಸು, ಕಣ್ಣು, ಹಳೆಯ ಚಾಳಿ ಎಂಬ ಮಾತುಗಳು ನಾಲಿಗೆಗೆ ಬರಕೂಡದು. ಸಲಿಗೆಯ ಕಾರಣಕ್ಕೆ ತಪ್ಪನ್ನು ಮುಚ್ಚಿಡುವುದೂ ಅಷ್ಟೇ ಕೆಟ್ಟದ್ದು, ಏಕೆಂದರೆ ಹಾಗೆ ಉಳಿಸಿಕೊಂಡ ಸ್ನೇಹದ ಬೆಲೆಯನ್ನು ಉಳಿದವರು ತೆರಬೇಕಾಗುತ್ತದೆ.

ಮನಸ್ತಾಪಗಳು ಹುಟ್ಟುವುದು ಬಹುತೇಕ ಓಟಿ ಮತ್ತು ರಜೆಯ ವಿಷಯದಲ್ಲಿ. ಹೆಚ್ಚುವರಿ ದುಡಿಮೆಗೆ ಸಾಮಾನ್ಯ ದರದ ಎರಡು ಪಟ್ಟು ಕೂಲಿ ಎಂಬ ನಿಯಮ 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಇದೆ. ಹಾಗಾಗಿ ಓಟಿ ಯಾರಿಗೆ ಸಿಕ್ಕಿತೆಂಬುದು ಮನೆಯ ಖರ್ಚಿನ ಪ್ರಶ್ನೆ. ಸರದಿಯ ಪಟ್ಟಿಯನ್ನು ಗೋಡೆಗೆ ಅಂಟಿಸಿರಿ, ನಿಮ್ಮ ಆಪ್ತರ ಹೆಸರೂ ಅದೇ ಸರದಿಯಲ್ಲಿ ಬರಲಿ. ರಜೆಗೆ ವರ್ಷದ ಪಟ್ಟಿಯನ್ನೇ ಮಾಡುವುದು ಒಳ್ಳೆಯದು. ಕಲಘಟಗಿ ಕಡೆಯ ಭತ್ತದ ಹೊಲದವರಿಗೆ ಮುಂಗಾರು ಬಿತ್ತನೆಗೆ, ನವಲಗುಂದದ ಎರೆಹೊಲದವರಿಗೆ ಹಿಂಗಾರಿ ಬಿತ್ತನೆಗೆ ಊರಲ್ಲಿರುವುದು ಅನಿವಾರ್ಯ. ಶಿವರಾತ್ರಿಗೆ ಸಿದ್ಧಾರೂಢರ ಜಾತ್ರೆ, ಶ್ರಾವಣದಲ್ಲಿ ಪಂಚಮಿ, ಚಳಿಗಾಲದಲ್ಲಿ ಎಳ್ಳ ಅಮಾವಾಸ್ಯೆ ಎಂಬುದೂ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. ಹೊಲ ಇಲ್ಲದವರು ಬಿತ್ತನೆಯ ವಾರ ನಿಭಾಯಿಸಿ, ಅದಕ್ಕೆ ಬದಲಾಗಿ ಜಾತ್ರೆಗೆ ಮೊದಲ ಆಯ್ಕೆ ಪಡೆಯಲಿ. ಇದನ್ನು ನೀವೇ ನಿರ್ಧರಿಸದೆ ಅವರವರಲ್ಲೇ ಮಾತಾಡಿಸಿ ಗೊತ್ತುಮಾಡಿಸಿದರೆ ಕೊಟ್ಟ ಮಾತಿಗೆ ಅವರೇ ಕಾವಲಾಗುತ್ತಾರೆ.

ಹೀಗೆ ಕೂಡಿ ತೆಗೆದುಕೊಂಡ ನಿರ್ಣಯವನ್ನು ಠರಾವಿನಂತೆ ಬರೆದಿಡಿರಿ. ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಸಹಕಾರಿ ಸಂಘ ಸ್ಥಾಪಿಸಿದ ಈ ಸೀಮೆಯಲ್ಲಿ ಠರಾವಿನಲ್ಲಿ ಬರುವ ಸೂಚಕರು, ಅನುಮೋದಕರು ಎಂಬ ಪದಗಳು ಹಳ್ಳಿಗರಿಗೂ ಹೊಸವಲ್ಲ. ವಾರಕ್ಕೊಮ್ಮೆ, ಕೆಲಸ ಆರಂಭಿಸುವ ಮೊದಲು ಕಾಲು ಗಂಟೆ ನಿಂತು ಮಾತಾಡಿ, ಯಾರು ಏನು ಸೂಚಿಸಿದರು, ಯಾರು ಎಂದಿನೊಳಗೆ ಮಾಡುತ್ತಾರೆ ಎಂದು ಒಂದು ವಹಿಯಲ್ಲಿ ಬರೆದು, ಮುಂದಿನ ವಾರ ಅದನ್ನೇ ಮೊದಲು ಓದಬೇಕು. ಸೂಚಿಸಿದ್ದು ಆಗದಿದ್ದರೆ ಏಕೆ ಆಗಲಿಲ್ಲವೆಂದು ಹೇಳುವ ಹೊಣೆ ನಿಮ್ಮದು.

ಕೆಲವು ದೂರುಗಳನ್ನು ನೀವು ಬಗೆಹರಿಸಲು ಹೋಗಬಾರದು. ಹೆಣ್ಣುಮಗಳೊಬ್ಬಳು ಲೈಂಗಿಕ ಕಿರುಕುಳವಾಯಿತೆಂದರೆ ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸುವುದು ಸೂಪರ್‌ವೈಸರ್ ಕೆಲಸವಲ್ಲ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಜನ ದುಡಿಯುವಲ್ಲಿ ಆಂತರಿಕ ಸಮಿತಿ ಇರಲೇಬೇಕು, ಅದಕ್ಕಿಂತ ಚಿಕ್ಕ ಘಟಕದವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ದೂರು ಸಾಮಾನ್ಯವಾಗಿ ಮೂರು ತಿಂಗಳೊಳಗೆ ಬರಹದಲ್ಲಿ ಹೋಗಬೇಕು. ಬರೆಯಲು ಆಕೆಗೆ ನೆರವು ಬೇಕಿದ್ದರೆ ಕೊಡಿಸಿರಿ, ಕೇಳಿದ್ದನ್ನು ಗುಟ್ಟಾಗಿಡಿರಿ, ಸಮಿತಿಯವರ ಹೆಸರು ಮತ್ತು ಫೋನ್ ನಂಬರನ್ನು ಓಟಿ ಪಟ್ಟಿಯ ಪಕ್ಕದಲ್ಲೇ ಎಲ್ಲರಿಗೂ ಕಾಣುವಂತೆ ಅಂಟಿಸಿರಿ.