ದುರ್ಗಕ್ಕೆ ಹೊಸದಾಗಿ ಬಂದವರಿಗೆ: ಕೋಟೆ, ಗುಡ್ಡ ಮತ್ತು ಮಹಡಿ ಮೇಲಿನ ಮಂಗಗಳು

ನಮಸ್ಕಾರ. ಚಿತ್ರದುರ್ಗಕ್ಕೆ ಸ್ವಾಗತ.

ಕೆಲಸದ ವರ್ಗಾವಣೆಗೋ ಮಕ್ಕಳ ಓದಿಗೋ ಬಂದಿದ್ದೀರಿ. ಅರ್ಧ ಸಾಮಾನು ಇನ್ನೂ ರಟ್ಟಿನ ಡಬ್ಬದಲ್ಲೇ ಇರಬಹುದು. ಗ್ಯಾಸು, ಹಾಲು, ಸ್ಕೂಲಿನ ವಿಷಯವನ್ನು ಅಕ್ಕಪಕ್ಕದ ಮನೆಯವರು ಕೇಳದೆಯೇ ಹೇಳಿಕೊಡುತ್ತಾರೆ, ಇಲ್ಲಿನ ಜನ ಹಾಗೆ. ನಮ್ಮ ಕನ್ನಡ ಸಂಘದಿಂದ ನಾವು ಹೇಳಬೇಕೆಂದಿರುವುದು ಗುಡ್ಡದ ವಿಷಯ. ದುರ್ಗದಲ್ಲಿ ಗುಡ್ಡ ನೋಡಲು ಊರು ಬಿಟ್ಟು ಹೋಗಬೇಕಿಲ್ಲ. ಹಿತ್ತಲ ಬಾಗಿಲು ತೆಗೆದರೆ ಬಂಡೆ ಕಾಣುತ್ತದೆ. ಆ ಬಂಡೆಯ ಮೇಲೆ ಇರುವವರೂ ನಿಮ್ಮ ಮನೆ ಕಡೆ ನೋಡುತ್ತಿರುತ್ತಾರೆ.

ನಾನು ಹದಿನಾಲ್ಕು ವರ್ಷದ ಹಿಂದೆ ಕುಮಟಾ ಕಡೆಯಿಂದ ಬಂದವಳು. ಸಮುದ್ರ, ಹಸಿರು ಘಟ್ಟ, ತಿಂಗಳುಗಟ್ಟಲೆ ಮಳೆ ನೋಡಿ ಬೆಳೆದ ಕಣ್ಣಿಗೆ ಇಲ್ಲಿನ ಬೋಳು ಬಂಡೆ ನೋಡಿ ಮೊದಲ ತಿಂಗಳು ತುಂಬಾ ಬೇಸರವಾಗಿತ್ತು. ಕರಾವಳಿಯಿಂದ ಬಂದ ಎಲ್ಲರಿಗೂ ಹೀಗೇ ಆಗುತ್ತದೆ. ಮುಂಗಾರಿನ ಮೋಡ ಘಟ್ಟ ಹತ್ತುವಾಗಲೇ ಮುಕ್ಕಾಲು ಮಳೆ ಸುರಿಸಿಬಿಡುತ್ತದೆ, ದುರ್ಗಕ್ಕೆ ಬರುವಷ್ಟರಲ್ಲಿ ಗಾಳಿ ಮಾತ್ರ ಉಳಿದಿರುತ್ತದೆ. ಜೋಗಿಮಟ್ಟಿ ಗುಡ್ಡದ ಸಾಲಿನ ಮೇಲೆ ತಿರುಗುವ ಗಾಳಿಯಂತ್ರಗಳೆಲ್ಲ ಆ ಗಾಳಿಯನ್ನೇ ನಂಬಿ ನಿಂತಿವೆ. ಆಷಾಢದಲ್ಲಿ ಒಗೆದ ಬಟ್ಟೆಗೆ ಕ್ಲಿಪ್ ಹಾಕದಿದ್ದರೆ ಬಟ್ಟೆ ಮೂರನೇ ಮನೆಯಲ್ಲಿ ಸಿಗುತ್ತದೆ. ಒಂದು ವರ್ಷ ಇರಿ. ಸಂಜೆ ಬಿಸಿಲಿಗೆ ಬಂಡೆ ಬಣ್ಣ ಬದಲಿಸುವುದು ಕಣ್ಣಿಗೆ ಬೀಳುತ್ತದೆ. ಆಮೇಲೆ ಊರು ಬಿಡಲು ಮನಸ್ಸಾಗುವುದಿಲ್ಲ.

ಮೊದಲು ಕೋಟೆ

ಏಳು ಸುತ್ತಿನ ಕಲ್ಲಿನ ಕೋಟೆ. ಬೆಳಿಗ್ಗೆ ಆರಕ್ಕೆ ತೆರೆದು ಸಂಜೆ ಆರಕ್ಕೆ ಮುಚ್ಚುತ್ತದೆ. ದೊಡ್ಡವರಿಗೆ ಟಿಕೆಟ್ ಇದೆ, ಹದಿನೈದು ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಬೇಸಿಗೆಯಲ್ಲಿ ಹತ್ತು ಗಂಟೆ ಆದಮೇಲೆ ಹತ್ತಬೇಡಿ. ಬಿಸಿಲು ತಲೆ ಮೇಲಿಂದ ಬರುವುದು ಒಂದು ಕಡೆ, ಕಾದ ಬಂಡೆಯ ಝಳ ಕೆಳಗಿನಿಂದ ಹೊಡೆಯುತ್ತದೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಕಲ್ಲು ಜಾರುತ್ತದೆ, ಹಿಡಿತವಿರುವ ಚಪ್ಪಲಿ ಹಾಕಿಕೊಳ್ಳಿ. ತುಪ್ಪದ ಕೊಳದ ಬತ್ತೇರಿಗೆ ಬಂಡೆಯಲ್ಲೇ ಕೊರೆದ ಸಣ್ಣ ಸಣ್ಣ ಹೆಜ್ಜೆಗುರುತಿನ ಮೇಲೆ ಹತ್ತಬೇಕು. ವಯಸ್ಸಾದವರನ್ನೂ ಚಿಕ್ಕ ಮಕ್ಕಳನ್ನೂ ಅಲ್ಲಿ ಹತ್ತಿಸಬೇಡಿ. ಹತ್ತಿದವರಿಗೆ ಇಳಿಯುವುದೇ ಕಷ್ಟ.

ಓಬವ್ವನ ಕಿಂಡಿಗೆ ಎಲ್ಲರೂ ಹೋಗುತ್ತಾರೆ. ಮಕ್ಕಳನ್ನು ಅಲ್ಲಿ ನಿಲ್ಲಿಸಿ, ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಿ ಬಂದ ಕಥೆ ಹೇಳಿ. ಒಬ್ಬರು ಬಗ್ಗಿ ಬರುವಷ್ಟೇ ಜಾಗ ಅದು. ಪಕ್ಕದ ತಣ್ಣೀರು ದೋಣಿ ಎಂಬ ನೀರಿನ ಸೆಲೆಯನ್ನೂ ತೋರಿಸಿ. ಊಟಕ್ಕೆ ಕೂತ ಗಂಡನಿಗೆ ನೀರು ತರಲು ಓಬವ್ವ ಬಂದದ್ದು ಆ ಕಡೆಗೇ. 1779ರಲ್ಲಿ ಮದಕರಿ ನಾಯಕರ ಕೋಟೆ ಹೈದರನ ಕೈಸೇರಿತು. ಆದರೂ ಊರಿನವರ ಬಾಯಲ್ಲಿ ಇಂದಿಗೂ ಮೊದಲು ಬರುವುದು ಓಬವ್ವನ ಹೆಸರೇ.

ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟ ಅಲ್ಲಿನ ಹೊಂಡಗಳು. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ ತಂಗಿ ಹೊಂಡಕ್ಕೆ ಇಳಿಯುತ್ತದೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಇಷ್ಟು ಕಡಿಮೆ ಮಳೆಯ ಊರಲ್ಲಿ ಒಂದು ಹನಿಯನ್ನೂ ಹಾಳುಮಾಡದೆ ಬದುಕಿದ ಜನ ಇವರು. ಒಳ್ಳೆ ಮಳೆ ಬಂದ ಮಾರನೇ ದಿನವೇ ಹೋಗಿ ನೋಡಿ. ಆದರೆ ಯಾವ ಹೊಂಡಕ್ಕೂ ಇಳಿಯಬೇಡಿ, ಆಳ ಹೊರಗೆ ಗೊತ್ತಾಗುವುದಿಲ್ಲ.

ಇನ್ನೊಂದು ಮಾತು. ಎತ್ತರದ ಬಂಡೆಯ ಅಡಿಯಲ್ಲಿ ಕಪ್ಪು ಕಂಬಳಿ ನೇತುಹಾಕಿದ ಹಾಗೆ ಕಂಡರೆ ಅದು ಹೆಜ್ಜೇನು. ಅದರ ಕೆಳಗೆ ಕೂಗುವುದು, ಕಲ್ಲೆಸೆಯುವುದು, ಹೊಗೆ ಹಾಕುವುದು ಖಂಡಿತ ಬೇಡ. ಎದ್ದರೆ ನಿಲ್ಲಬೇಡಿ, ಮುಖ ಮುಚ್ಚಿಕೊಂಡು ದೂರ ಓಡಿ.

ಮಂಗಗಳ ಜೊತೆ ಬಾಳ್ವೆ

ಇಲ್ಲಿ ಎರಡು ಬಗೆಯ ಕೋತಿಗಳಿವೆ. ಕೆಂಪು ಮೂತಿಯ, ತಲೆ ಮೇಲೆ ಟೋಪಿ ಇಟ್ಟ ಹಾಗೆ ಕೂದಲಿರುವುದು ಮಂಗ. ಕಪ್ಪು ಮುಖ, ಬೂದು ಮೈ, ಉದ್ದ ಬಾಲದ್ದು ಮುಸಿಯ. ಮುಸಿಯ ಹೆಚ್ಚಾಗಿ ಎಲೆ, ಚಿಗುರು ತಿಂದು ತನ್ನ ಪಾಡಿಗೆ ಇರುತ್ತದೆ. ಮನೆಯೊಳಗೆ ನುಗ್ಗಿ ಬ್ರೆಡ್ಡು, ಬಾಳೆಹಣ್ಣು ಹೊತ್ತುಕೊಂಡು ಹೋಗುವುದು ಹೆಚ್ಚಾಗಿ ಮಂಗವೇ.

ನಾವು ಬಂದ ಮೊದಲ ವರ್ಷದ ಮಾತು. ಕೋಟೆಯಲ್ಲಿ ಅಕ್ಕ ತಂಗಿ ಹೊಂಡದ ಹತ್ತಿರ ಕೂತಿದ್ದೆವು. ಮಗಳ ಕೈಯಲ್ಲಿ ಮಂಡಕ್ಕಿ ಕವರ್. ಕವರ್ ಚರ್ ಅಂದದ್ದೇ ತಡ, ಗೋಡೆ ಮೇಲಿದ್ದ ಮಂಗ ಇಳಿದು ಬಂದು ಅವಳ ಲಂಗ ಹಿಡಿದು ನಿಂತಿತು. ಕಚ್ಚಲಿಲ್ಲ, ಕೂಗಲಿಲ್ಲ. ಇನ್ನೊಂದು ಕೈ ಚಾಚಿ ಸುಮ್ನೆ ಕಾಯಿತು. ದಿನಾ ಯಾರೋ ಕೊಡುತ್ತಾರೆ ಎಂದು ಅದಕ್ಕೆ ಗೊತ್ತಿತ್ತು. ನಾನು ಗಾಬರಿಯಾಗಿ ಕವರನ್ನು ಎಳೆದುಕೊಂಡೆ. ಆಗ ಅದು ಹಲ್ಲು ತೋರಿಸಿ ನನ್ನ ಮುಂಗೈ ಪರಚಿತು. ತಪ್ಪು ಮಂಗದ್ದಲ್ಲ. ನಮಗಿಂತ ಮುಂಚೆ ಬಂದವರು ಪ್ರೀತಿಯಿಂದಲೇ ಕೊಟ್ಟು ಕೊಟ್ಟು ಅದಕ್ಕೆ ಆ ಪಾಠ ಕಲಿಸಿದ್ದರು.

ಹಾಗಾಗಿ ನಿಮ್ಮಲ್ಲಿ ಕೈಮುಗಿದು ಕೇಳುವುದು ಒಂದೇ. ಮಂಗಗಳಿಗೆ ತಿನ್ನಲು ಕೊಡಬೇಡಿ. ಶನಿವಾರ ಹನುಮಂತನ ಹೆಸರಲ್ಲಿ ಬಾಳೆಹಣ್ಣು ಕೊಡುವ ಆಸೆ ಆಗುತ್ತದೆ, ಆ ಭಕ್ತಿ ನಮಗೂ ಇದೆ. ಹಣ್ಣನ್ನು ಗುಡಿಯಲ್ಲಿ ಕೊಡಿ. ನೀವು ಇವತ್ತು ಕೊಟ್ಟ ಹಣ್ಣಿಗೆ ನಾಳೆ ಪಕ್ಕದ ಮನೆ ಮಗು ಪೆಟ್ಟು ತಿನ್ನುತ್ತದೆ. ಆಮೇಲೆ ಜನ ಕಾಟ ಎನ್ನುತ್ತಾರೆ, ಬೋನು ಇಟ್ಟು ಹಿಡಿಸುತ್ತಾರೆ, ಗುಂಪು ಒಡೆದು ಗೊತ್ತಿಲ್ಲದ ಕಾಡಿಗೆ ಬಿಡುತ್ತಾರೆ. ಎದೆಗವುಚಿದ ಮರಿ ಸಮೇತ ಬೋನಿನಲ್ಲಿ ಕೂತ ತಾಯಿಮಂಗವನ್ನು ಒಮ್ಮೆ ನೋಡಿದರೆ ಸಾಕು, ಮತ್ತೆ ಹಣ್ಣು ಚಾಚಲು ಕೈ ಏಳುವುದಿಲ್ಲ.

ಮನೆ ಕಡೆ ಮಾಡಿಕೊಳ್ಳಬೇಕಾದ್ದು ಇಷ್ಟು. ಮಹಡಿ ಮೇಲಿನ ನೀರಿನ ಟ್ಯಾಂಕಿನ ಮುಚ್ಚಳವನ್ನು ತಂತಿಯಿಂದ ಬಿಗಿಯಿರಿ, ತೆಗೆದು ಒಳಗಿಳಿದು ಈಜುತ್ತವೆ. ಅಡುಗೆಮನೆ ಕಿಟಕಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸಿ. ಹಪ್ಪಳ, ಸಂಡಿಗೆ, ಮೆಣಸಿನಕಾಯಿ ಒಣಹಾಕಿದರೆ ಕಾವಲು ಕೂರಲೇಬೇಕು. ಕಸವನ್ನು ರಾತ್ರಿಯೇ ಗೇಟಿನ ಹೊರಗೆ ಇಡಬೇಡಿ, ಗಾಡಿ ಬಂದಾಗ ಕೊಡಿ. ಎದುರು ಬಂದರೆ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಹಲ್ಲು ಬಿಟ್ಟು ನಗಬೇಡಿ. ಅದಕ್ಕೆ ಅದು ಜಗಳಕ್ಕೆ ಕರೆದ ಹಾಗೆ. ಕೈಯಲ್ಲಿದ್ದದ್ದನ್ನು ಕಿತ್ತುಕೊಂಡರೆ ಬಿಟ್ಟುಬಿಡಿ. ಕಚ್ಚಿದರೆ, ಪರಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ರೇಬೀಸ್ ಇಂಜೆಕ್ಷನ್ ಬೇಕೋ ಬೇಡವೋ ಡಾಕ್ಟರ್ ಹೇಳಲಿ, ಪಕ್ಕದವರ ಮಾತು ಕೇಳಿ ಅರಿಶಿನ ಮೆತ್ತಿಕೊಂಡು ಕೂರಬೇಡಿ.

ಜೋಗಿಮಟ್ಟಿ ಮತ್ತು ಕರಡಿ

ಊರಿನ ದಕ್ಷಿಣಕ್ಕೆ ಜೋಗಿಮಟ್ಟಿ ಕಾಡು. ಈಗ ಅದು ವನ್ಯಜೀವಿ ಧಾಮ. ದಾರಿಯಲ್ಲಿ ಆಡುಮಲ್ಲೇಶ್ವರ ಸಿಗುತ್ತದೆ, ಅಲ್ಲಿನ ಕಿರು ಮೃಗಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಬಹುದು. ಮೇಲೆ ಹೋಗಬೇಕಾದರೆ ಅರಣ್ಯ ಇಲಾಖೆಯವರ ಅನುಮತಿ ಪಡೆದು, ಅವರು ಹೇಳಿದ ಸಮಯಕ್ಕೆ ಇಳಿದುಬಿಡಿ. ಮಳೆಗಾಲದ ಬೆಳಿಗ್ಗೆ ಮೇಲೆ ಮಂಜು ಮುಸುಕಿರುತ್ತದೆ. ನಮ್ಮ ಘಟ್ಟ ನೆನಪಾಗಿ ನನ್ನ ಕಣ್ಣಲ್ಲಿ ನೀರು ಬಂದದ್ದು ಅಲ್ಲೇ.

ಅದೇ ದಾರಿಯ ಬದಿಯಲ್ಲಿ ಒಮ್ಮೆ ಒಂದು ಹುತ್ತ ನೋಡಿದೆ. ಮಧ್ಯಕ್ಕೆ ಬಗೆದು ಬಿಂದಿಗೆ ಹಿಡಿಸುವಷ್ಟು ತೂತು ಆಗಿತ್ತು. ಒಳಗಿನ ಮಣ್ಣು ಇನ್ನೂ ಹಸಿ. ಅಂಚಿನಲ್ಲಿ ಉಗುರಿನ ಗೀರು, ಬಾಚಣಿಗೆ ಎಳೆದ ಹಾಗೆ ಸಾಲಾಗಿ. ಕರಡಿ ಗೆದ್ದಲು ಹೀರಿಕೊಂಡು ಹೋಗಿ ಜಾಸ್ತಿ ಹೊತ್ತಾಗಿರಲಿಲ್ಲ. ನಮ್ಮ ಜೊತೆಗಿದ್ದ ಕಾವಲುಗಾರರು ಏನೂ ಹೇಳದೆ ಕೈ ಸನ್ನೆ ಮಾಡಿ ವಾಪಸ್ ತಿರುಗಿಸಿದರು.

ಕರಡಿಗೆ ಕಣ್ಣು ಮಂದ, ಮೂಗು ಬಲು ಚುರುಕು. ನಿಮ್ಮನ್ನು ಹತ್ತಿರ ಬಂದಮೇಲೆ ನೋಡಿದರೆ ಬೆಚ್ಚಿಬಿದ್ದು ಮೇಲೆ ಬೀಳುತ್ತದೆ. ಬೆನ್ನ ಮೇಲೆ ಮರಿ ಹೊತ್ತ ತಾಯಿಯಂತೂ ಹಿಂದೆ ಮುಂದೆ ನೋಡುವುದಿಲ್ಲ. ಆದ್ದರಿಂದ ಗುಡ್ಡದ ಅಂಚಿನ ಬಡಾವಣೆಯಲ್ಲಿ ಮನೆ ಮಾಡಿದವರು ನಸುಕಿಗೂ ಕತ್ತಲಾದಮೇಲೂ ಒಬ್ಬರೇ ವಾಕಿಂಗ್ ಹೋಗಬೇಡಿ. ಇಬ್ಬರು ಮೂವರು ಮಾತಾಡಿಕೊಂಡು ಹೋಗಿ, ಕಿವಿಗೆ ಇಯರ್‌ಫೋನ್ ಬೇಡ. ಸೀತಾಫಲ ಹಣ್ಣಾಗುವ ಕಾಲದಲ್ಲಿ ಪೊದೆಗೆ ಕೈಹಾಕಬೇಡಿ. ದೂರದಲ್ಲಿ ಕಂಡರೆ ಓಡಬೇಡಿ, ಅದನ್ನೇ ನೋಡುತ್ತಾ ನಿಧಾನ ಹಿಂದೆ ಸರಿಯಿರಿ. ಎರಡು ಕಾಲ ಮೇಲೆ ನಿಂತರೆ ಹೆಚ್ಚಾಗಿ ಅದು ವಾಸನೆ ಹಿಡಿಯುತ್ತಿದೆ ಎಂದರ್ಥ.

ಚಿರತೆಯೂ ಇದೆ. ಅದಕ್ಕೆ ಬೇಕಾದ್ದು ನಾಯಿ, ಹಂದಿ, ಮೇಕೆ. ಕಸ ಜಾಸ್ತಿಯಾದ ಕಡೆ ನಾಯಿ ಜಾಸ್ತಿ, ನಾಯಿ ಇದ್ದ ಕಡೆ ಚಿರತೆ. ಸಾಕಿದ ನಾಯಿಯನ್ನು ರಾತ್ರಿ ಒಳಗೆ ಮಲಗಿಸಿ. ಊರೊಳಗೆ ಕರಡಿ, ಚಿರತೆ ಬಂದರೆ ಮೊಬೈಲ್ ಹಿಡಿದು ಗುಂಪು ಸೇರಬೇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926, ಪೊಲೀಸರಿಗೆ 112.

ಹಾವು, ಚೇಳು

ಕಲ್ಲಿನ ಸೀಮೆ ಇದು, ಇದ್ದೇ ಇರುತ್ತವೆ. ಹೊರಗೆ ಬಿಟ್ಟ ಶೂ ಕೊಡವಿ ಹಾಕಿಕೊಳ್ಳಿ, ಕತ್ತಲಲ್ಲಿ ಟಾರ್ಚ್ ಹಿಡಿಯಿರಿ, ಇಟ್ಟಿಗೆ, ಸೌದೆ ರಾಶಿಯನ್ನು ಗೋಡೆಗೆ ಒತ್ತಿ ಇಡಬೇಡಿ. ಉದ್ದಕ್ಕೆ, ಬೇಗ ಬೇಗ ಹರಿದುಹೋಗುವ ಕೇರೆಹಾವಿಗೆ ವಿಷವಿಲ್ಲ, ಇಲಿ ತಿಂದು ಉಪಕಾರ ಮಾಡುತ್ತದೆ. ನಾಗರ, ಕಟ್ಟುಹಾವು, ಕೊಳಕುಮಂಡಲದಂಥವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗಾಡಿಸದೆ 108 ಆಂಬುಲೆನ್ಸ್‌ನಲ್ಲೋ ಸಿಕ್ಕ ಗಾಡಿಯಲ್ಲೋ ನೇರ ಜಿಲ್ಲಾಸ್ಪತ್ರೆಗೆ. ಮಂತ್ರ, ಬೇರು ಎಂದು ಕಳೆದ ಅರ್ಧ ಗಂಟೆ ಮತ್ತೆ ಸಿಗುವುದಿಲ್ಲ.

ಯಾರಾದರೂ ನಕ್ಷತ್ರ ಆಮೆಯನ್ನೋ ಗಿಣಿಮರಿಯನ್ನೋ ಮನೆಗೆ ಅದೃಷ್ಟ ಎಂದು ಮಾರಲು ಬಂದರೆ ಕೊಳ್ಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅವನ್ನು ಸಾಕುವುದೂ ಅಪರಾಧ.

ರಜೆ ಸಿಕ್ಕರೆ

ಚಂದ್ರವಳ್ಳಿ ಹತ್ತಿರವೇ ಇದೆ. ಕೆರೆ, ಅಂಕಲಿ ಮಠದ ಗುಹೆಗಳು, ಭೈರವೇಶ್ವರ ಗುಡಿಯ ಪಕ್ಕದ ಬಂಡೆಯಲ್ಲಿ ಕದಂಬರ ಮಯೂರಶರ್ಮನ ಶಾಸನ. ಗುಹೆ ಒಳಗೆ ಕಗ್ಗತ್ತಲೆ, ದಾರಿ ಗೊತ್ತಿದ್ದವರ ಜೊತೆಗೇ ಹೋಗಿ. ಹಿರಿಯೂರು ತಾಲೂಕಿನ ವಾಣಿವಿಲಾಸ ಸಾಗರವನ್ನು ಊರಿನವರು ಮಾರಿಕಣಿವೆ ಎನ್ನುತ್ತಾರೆ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ್ದು. 1933ರಲ್ಲಿ ಕೋಡಿ ಬಿದ್ದ ಅಣೆಕಟ್ಟು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆವತ್ತು ಅಜ್ಜಂದಿರು ಮೊಮ್ಮಕ್ಕಳ ಹೆಗಲು ಹಿಡಿದು ಬಂದು ನೀರಿಗೆ ಕೈಮುಗಿದದ್ದನ್ನು ನಾನು ಕಣ್ಣಾರೆ ನೋಡಿದೆ. ದಾವಣಗೆರೆಗೆ ಹೋದರೆ ಬೆಣ್ಣೆ ದೋಸೆ ಆದಮೇಲೆ ಕುಂದುವಾಡ ಕೆರೆ ಏರಿಯ ಮೇಲೆ ನಡೆಯಿರಿ, ನೀರುಹಕ್ಕಿಗಳು ಸಿಗುತ್ತವೆ. ಜಗಳೂರು ಕಡೆಯ ರಂಗಯ್ಯನದುರ್ಗ ಕೊಂಡುಕುರಿಗೆಂದೇ ಮೀಸಲಾದ ಕಾಡು. ಗಂಡಿಗೆ ನಾಲ್ಕು ಕೊಂಬಿರುವ ಸಣ್ಣ ಪ್ರಾಣಿ ಅದು, ಬಹಳ ನಾಚಿಕೆ ಸ್ವಭಾವ. ಕಾಣದಿದ್ದರೆ ಬೇಸರ ಮಾಡಿಕೊಳ್ಳಬೇಡಿ.

ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಆರೂವರೆಗೆ ನಮ್ಮ ಸಂಘದವರು ಕೋಟೆ ಬಾಗಿಲ ಹತ್ತಿರ ಸೇರುತ್ತೇವೆ. ಹೊಸ ಮನೆಯವರು ಮಕ್ಕಳನ್ನು ಕರೆದುಕೊಂಡು ಬನ್ನಿ. ನೀರಿನ ಬಾಟಲಿ ಚೀಲದೊಳಗೆ ಇರಲಿ, ಕೈ ಖಾಲಿ ಇರಲಿ. ಒಂಬತ್ತಕ್ಕೆ ಇಳಿದು ಬಂದಮೇಲೆ ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ, ಟೀ ನಮ್ಮ ಕಡೆಯಿಂದ.