ಎರಡು ಪ್ರೈಮರಿ, ಒಂದೇ ಬಿಲ್ ಸಂಖ್ಯೆ

ನವಿ ಮುಂಬಯಿಯ ಮಹಾಪೆಯಲ್ಲಿ ಪ್ರೈಮರಿ, ಅಂದರೆ ಬಿಲ್ ಬರೆಸಿಕೊಳ್ಳುವ ಮುಖ್ಯ ಸರ್ವರ್; ಪುಣೆಯ ಹಿಂಜವಡಿಯಲ್ಲಿ ಸ್ಟ್ಯಾಂಡ್‌ಬೈ, ಅಂದರೆ ಅದರ ನಕಲನ್ನು ಇಟ್ಟುಕೊಂಡು ಕಾಯುವ ಸರ್ವರ್. ನಾನು ನೋಡಿಕೊಳ್ಳುವ ಔಷಧ ವಿತರಣಾ ಸಂಸ್ಥೆಯ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಇಷ್ಟು ಸಾಕೆಂದು ನಂಬಿದ್ದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿ.ಮೀ. ಮಳೆ ಸುರಿದಿತ್ತು. ಅಂಥ ಊರಿನಲ್ಲಿ ಘಟ್ಟದ ಮೇಲೊಂದು ನಕಲು ಇಟ್ಟುಕೊಳ್ಳುವುದು ಸರಿಯಾದ ಯೋಚನೆಯೇ. ಆದರೆ ನನ್ನ ಯೋಜನೆ ಸರ್ವರ್ ಸಾಯುವುದಕ್ಕೆ ಮಾತ್ರ ಸಿದ್ಧವಾಗಿತ್ತು, ಬದುಕಿದ್ದೂ ಕಾಣದಿರುವುದಕ್ಕೆ ಅಲ್ಲ.

ಒಂದು ಮಳೆಗಾಲದ ಸಂಜೆ ಮಾಟುಂಗದ ಮನೆಯಿಂದ ಎಷ್ಟು ಪ್ರಯತ್ನಿಸಿದರೂ ಮಹಾಪೆ ಸಿಗಲಿಲ್ಲ. ಪುಣೆಯಲ್ಲಿದ್ದ ಧಾರವಾಡದ ಸಹೋದ್ಯೋಗಿ ಫೋನ್ ಮಾಡಿ, "ಸರ್, ಇಲ್ಲಿಯದನ್ನು ಪ್ರೈಮರಿ ಮಾಡಿಬಿಡಲೇ?" ಎಂದು ಕೇಳಿದರು. ಮಾಡಿ ಎಂದೆ. ಒಂದೇ ಆದೇಶ, ಕೆಲವೇ ಸೆಕೆಂಡುಗಳ ಕೆಲಸ. ಆದರೆ ಕಡಿದಿದ್ದದ್ದು ಮಹಾಪೆಯನ್ನು ನಮಗೆ ಜೋಡಿಸುವ ಲಿಂಕ್ ಮಾತ್ರ, ಸರ್ವರ್ ಬದುಕಿಯೇ ಇತ್ತು. ಭಿವಂಡಿಯ ಗೋದಾಮು ಬೇರೊಂದು ಲೈನಿನಿಂದ ಹಳೆಯ ಪ್ರೈಮರಿಗೇ ಬಿಲ್ ಬರೆಯುತ್ತಿತ್ತು. ನಲವತ್ತು ನಿಮಿಷಗಳ ನಂತರ ಲಿಂಕ್ ಮರಳಿದಾಗ ಒಂದೇ ಸಂಖ್ಯೆಯ ಎರಡು ಬಿಲ್‌ಗಳಿದ್ದವು: ಒಂದರಲ್ಲಿ ಇನ್ಸುಲಿನ್, ಇನ್ನೊಂದರಲ್ಲಿ ಕೆಮ್ಮಿನ ಸಿರಪ್.

ಹಳೆಯ ಸರ್ವರನ್ನು ಹೊಸದರ ಹಿಂದೆ ಸೇರಿಸಲು ಪಿಜಿ_ರಿವೈಂಡ್ ಎಂಬ ಸಾಧನ ಇದೆ. ಆದರೆ ದಾರಿ ಕವಲೊಡೆದ ಮೇಲೆ ಹಳೆಯದರಲ್ಲಿ ಬರೆದದ್ದನ್ನೆಲ್ಲ ಅದು ಅಳಿಸಿಹಾಕುತ್ತದೆ. ಅಳಿಸುವುದು ಅದರ ಧರ್ಮ. ಅದಕ್ಕೆ ಮೊದಲು ನಕಲು ತೆಗೆದಿಡುವುದು ನಮ್ಮ ಧರ್ಮ. ತೆಗೆದಿಟ್ಟೆ. ಎರಡು ರಾತ್ರಿ ಕುಳಿತು, ಎರಡೂ ಕಡೆಯ ಬಿಲ್‌ಗಳನ್ನು ಕಾಗದದ ಮೇಲೆ ಅಕ್ಕಪಕ್ಕ ಇಟ್ಟುಕೊಂಡು, ಗೋದಾಮಿಗೆ ಫೋನ್ ಮಾಡಿ ಒಂದೊಂದನ್ನೇ ಹೊಂದಿಸಿದೆವು.

ಆಮೇಲೆ ಪ್ಯಾಟ್ರೋನಿ ಹಾಕಿದೆ, ಪ್ರೈಮರಿಯನ್ನು ತಾನೇ ಬದಲಾಯಿಸುವ ತಂತ್ರಾಂಶ. ಯಾರು ಪ್ರೈಮರಿ ಎಂಬ ದಾಖಲೆಯನ್ನು ಬಹುಮತದಿಂದ ಕಾಯುವುದು ಅದರ ಹಿಂದಿರುವ ಎಟ್‌ಸಿಡಿ. ಅದಕ್ಕೆ ಮೂರು ಯಂತ್ರಗಳು: ಮಹಾಪೆ, ಹಿಂಜವಡಿ, ಮೂರನೆಯ ಪುಟ್ಟದು ಹೈದರಾಬಾದಿನಲ್ಲಿ. ಮೂರನೆಯ ಊರಿಗಾಗಿ ನಾನು ಹಟ ಹಿಡಿದೆ. ಮುಂಬಯಿಯಲ್ಲೇ ಎರಡಿಟ್ಟರೆ ಮುಂಬಯಿ ಹೋದ ದಿನ ಬಹುಮತವೂ ಹೋಗುತ್ತದೆ. ಆ ದಾಖಲೆಗೆ, ಅಂದರೆ ನಾಯಕತ್ವದ ಕೀಲಿಗೆ, 30 ಸೆಕೆಂಡುಗಳ ಆಯುಷ್ಯ. ಅದನ್ನು ನವೀಕರಿಸಲಾಗದ ಪ್ರೈಮರಿ ತಾನಾಗಿಯೇ ಕೆಳಗಿಳಿಯುತ್ತದೆ. ಈಗ ನಾನು ಎಚ್ಚರವಾಗಿರಬೇಕಾಗಿಲ್ಲ, ಊಹಿಸಬೇಕಾಗಿಯೂ ಇಲ್ಲ.

ಕಟ್ಟುನಿಟ್ಟಿನ ಸಿಂಕ್ರೊನಸ್ ಮಾಡಲಿಲ್ಲ, ಅಂದರೆ ಸ್ಟ್ಯಾಂಡ್‌ಬೈ ಬರೆದುಕೊಂಡೆ ಎನ್ನುವವರೆಗೆ ಬಿಲ್ ಮುಗಿಯದ ಪದ್ಧತಿ. ಇರುವುದೊಂದೇ ಸ್ಟ್ಯಾಂಡ್‌ಬೈ, ಅದು ಉತ್ತರಿಸದಿದ್ದರೆ ಮಹಾಪೆಯಲ್ಲಿ ಪ್ರತಿ ಬಿಲ್ಲೂ ಕಾಯುತ್ತಾ ನಿಲ್ಲುತ್ತದೆ. ಕೊನೆಯ ಕೆಲವು ಸೆಕೆಂಡುಗಳ ಬಿಲ್ ಕಳೆದರೆ ಒಪ್ಪಿಗೆಯೇ ಎಂದು ಮಾಲೀಕರನ್ನೇ ಕೇಳಿ, ಬರೆಸಿಕೊಂಡೆ. ಇದನ್ನು ತೀರ್ಮಾನಿಸುವ ಹಕ್ಕು ನನ್ನದಲ್ಲ.

ಮೂರು ತಿಂಗಳಿಗೊಮ್ಮೆ ತಾಲೀಮು ನಡೆಸುತ್ತೇವೆ. ಭಾನುವಾರ ಬೆಳಗ್ಗೆ ಉಳಿದೆರಡೂ ಊರುಗಳಿಗೆ ಮಹಾಪೆಯ ಲಿಂಕ್ ಕಡಿದು, ಹಳೆಯ ಪ್ರೈಮರಿ ಕೆಳಗಿಳಿಯಿತೇ ಎಂದು ಭಿವಂಡಿಯಿಂದಲೇ ಒಂದು ಸುಳ್ಳು ಬಿಲ್ ಬರೆದು ನೋಡುತ್ತೇವೆ. ಅದು ಬರೆಯಲು ಬಿಡಬಾರದು. ಬಿಡಲಿಲ್ಲವೆಂದು ಗೋದಾಮಿನವರು ಫೋನಿನಲ್ಲಿ ಹೇಳಿದ ಮೇಲೆಯೇ ಲಿಂಕ್ ಮತ್ತೆ ಜೋಡಿಸುತ್ತೇವೆ.