ಶ್ವಾನ್ ಕೋಶ ಬೆಳೆಸಲು ಹೋಗಿ ಬೆಳೆಸಿದ್ದು ಬೇರೇನೋ

ಮೊದಲ ಸಲ ಇಲಿಯ ಸಯಾಟಿಕ್ ನರದಿಂದ (ಹಿಂಗಾಲಿನ ದಪ್ಪ ನರ) ಶ್ವಾನ್ ಕೋಶ, ಅಂದರೆ ನರತಂತುವನ್ನು ಸುತ್ತಿಕೊಂಡು ಕಾಯುವ ಕೋಶ, ತೆಗೆದಾಗ ಹತ್ತೇ ದಿನಕ್ಕೆ ಡಿಶ್ ತುಂಬಿಬಿಟ್ಟಿತ್ತು. ಭಾರೀ ಖುಷಿ. ಶ್ವಾನ್ ಕೋಶವನ್ನು ಗುರುತಿಸುವ ಎಸ್100 ಬಣ್ಣ ಹಾಕಿ ನೋಡಿದರೆ ಮುಕ್ಕಾಲು ಪಾಲು ಕೋಶಗಳು ಬಣ್ಣವನ್ನೇ ಹಿಡಿದಿಲ್ಲ. ಅಷ್ಟೂ ಫೈಬ್ರೊಬ್ಲಾಸ್ಟ್, ನರದ ಪೊರೆಗಳಲ್ಲಿರುವ ಸಂಯೋಜಕ ಅಂಗಾಂಶದ ಕೋಶ! ಕಣ್ಣಿಟ್ಟು ನೋಡಿದ್ದರೆ ಬಣ್ಣವೂ ಬೇಕಿರಲಿಲ್ಲ ಅನ್ನಿ. ಶ್ವಾನ್ ಕೋಶ ತೆಳ್ಳಗೆ, ಎರಡೂ ತುದಿ ಚೂಪು, ಪಕ್ಕಪಕ್ಕದಲ್ಲಿ ಒಂದೇ ದಿಕ್ಕಿಗೆ ಮಲಗುತ್ತದೆ. ಫೈಬ್ರೊಬ್ಲಾಸ್ಟ್ ಚಾಪೆ ಹಾಸಿದ ಹಾಗೆ ಅಗಲ.

ತಪ್ಪು ನನ್ನ ಆತುರದ್ದು. ನರ ತೆಗೆದ ದಿನವೇ ಕಿಣ್ವ ಹಾಕಿ ಬಿಡಿಸಿದ್ದೆ. ಬೆಳೆದ ಇಲಿಯ ನರದಲ್ಲಿ ಮಯಲಿನ್ (ನರತಂತುವಿನ ಕೊಬ್ಬಿನ ಹೊದಿಕೆ) ಸುತ್ತಿಕೊಂಡು ಕೂತ ಶ್ವಾನ್ ಕೋಶ ಸುಮ್ನೆ ಒಡೆದು ಎರಡಾಗುವುದಿಲ್ಲ. ದೇಹದಲ್ಲೂ ಅಷ್ಟೇ: ನರ ತುಂಡಾಗಿ ಮುಂದಿನ ಆಕ್ಸಾನ್ (ನರಕೋಶದ ಉದ್ದನೆಯ ತಂತು) ಸತ್ತ ಮೇಲೆಯೇ ಅದು ಮಯಲಿನ್ ಕಳಚಿ, ಸಿ-ಜುನ್ ಎಂಬ ಜೀನ್ ನಿಯಂತ್ರಕ ಪ್ರೋಟೀನ್ ಏರಿಸಿಕೊಂಡು, ರಿಪೇರಿ ಕೋಶವಾಗಿ ಹೆಚ್ಚುತ್ತಾ ಹೋಗುತ್ತದೆ, ದಿನಕ್ಕೆ ಸುಮಾರು 1 ಮಿ.ಮೀ. ತೆವಳಿ ಬರುವ ಆಕ್ಸಾನ್‌ಗೆ ಸಾಲುಗಟ್ಟಿ ದಾರಿ ಮಾಡಿಕೊಡುತ್ತದೆ. ಡಿಶ್‌ನಲ್ಲೂ ಆ ಸಮಯ ಕೊಡಬೇಕು, ಅಲ್ವಾ?

ಹಾಗಾಗಿ ಎರಡನೇ ಸಲ ನರದ ಹೊರಪೊರೆ ಸುಲಿದು, ಸಣ್ಣ ತುಂಡು ಮಾಡಿ, ಎರಡು ವಾರ ಹಾಗೇ ಬಿಟ್ಟೆ. ತುಂಡಿನಿಂದ ಫೈಬ್ರೊಬ್ಲಾಸ್ಟ್ ಹೊರಗೆ ಹರಿದಾಗಲೆಲ್ಲ ತುಂಡನ್ನು ಹೊಸ ಡಿಶ್‌ಗೆ ಎತ್ತಿಡುವುದು, ಹಳೆಯದನ್ನು ಎಸೆಯುವುದು. ಕಿಣ್ವ ಆಮೇಲೆ. ಉಳಿದ ಫೈಬ್ರೊಬ್ಲಾಸ್ಟ್‌ಗೆ ಆರಾ-ಸಿ ಎಂಬ ಔಷಧ ಹಾಕಿದೆ. ಅದು ಒಡೆಯುತ್ತಿರುವ ಯಾವ ಕೋಶವನ್ನೂ ಬಿಡುವುದಿಲ್ಲ, ಆದ್ದರಿಂದ ಆ ಎರಡು ದಿನ ಶ್ವಾನ್ ಕೋಶವನ್ನು ಹೆಚ್ಚಿಸುವ ನ್ಯೂರೆಗುಲಿನ್ (ಬೆಳವಣಿಗೆಯ ಪ್ರೋಟೀನ್), ಫೋರ್ಸ್ಕೊಲಿನ್ (ಒಂದು ರಾಸಾಯನಿಕ) ಎರಡನ್ನೂ ನಿಲ್ಲಿಸಿದ್ದೆ. ಮೀಡಿಯಂಗೆ (ಕೋಶ ಬೆಳೆಯುವ ಪೋಷಕ ದ್ರವ) ಸೇರಿಸುವ ಬರೀ ಸೀರಮ್‌ಗೆ (ರಕ್ತದ ದ್ರವಾಂಶ) ಫೈಬ್ರೊಬ್ಲಾಸ್ಟ್ ಹೆಚ್ಚುತ್ತದೆ, ಶ್ವಾನ್ ಕೋಶ ಹೆಚ್ಚುಕಮ್ಮಿ ಸುಮ್ಮನಿರುತ್ತದೆ.

ಆಮೇಲೆ ಮಿಲಿಲೀಟರಿಗೆ 10 ನ್ಯಾನೊಗ್ರಾಂ ನ್ಯೂರೆಗುಲಿನ್, 2 ಮೈಕ್ರೊಮೋಲಾರ್ ಫೋರ್ಸ್ಕೊಲಿನ್. ನ್ಯೂರೆಗುಲಿನ್ ಕೂರುವುದು ಕೋಶದ ಮೇಲ್ಮೈಯ ಎರ್ಬ್‌ಬಿ3 ಎಂಬ ಗ್ರಾಹಕದ ಮೇಲೆ. ಅದಕ್ಕೆ ಸ್ವಂತ ಕಿಣ್ವಶಕ್ತಿ ಇಲ್ಲವೆನ್ನುವಷ್ಟು ಕಡಿಮೆ, ಅದರ ಜೋಡಿ ಗ್ರಾಹಕ ಎರ್ಬ್‌ಬಿ2 ಜೊತೆ ಸೇರಿದರೇನೇ ಕೆಲಸ. ಫೋರ್ಸ್ಕೊಲಿನ್ ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಅಣುವನ್ನು ಏರಿಸುತ್ತದೆ, ಎರಡೂ ಸೇರಿದರೆ ಕೋಶ ಜೋರಾಗಿ ಹೆಚ್ಚುತ್ತದೆ. ಜಾಸ್ತಿ ಹಾಕಿದರೆ ಇನ್ನೂ ಬೇಗ ಅಂದುಕೊಂಡು ಒಮ್ಮೆ ಫೋರ್ಸ್ಕೊಲಿನ್ ಹತ್ತು ಪಟ್ಟು ಹಾಕಿದ್ದೆ. ಕೋಶಗಳು ಅಗಲವಾದವು, ಒಡೆಯುವುದೇ ಕಡಿಮೆಯಾಯಿತು.

ಇಷ್ಟಾದರೂ, ನ್ಯೂರೆಗುಲಿನ್ ಸಂಕೇತ ಕೋಶದೊಳಗೆ ತಲುಪಿತೇ ಎಂದು ನೋಡುವ ಬ್ಲಾಟ್ (ಪ್ರೋಟೀನನ್ನು ಪಟ್ಟಿಯಾಗಿ ತೋರಿಸುವ ಪರೀಕ್ಷೆ) ಕೈಕೊಟ್ಟಿತು. ಏನೂ ಹಾಕದ ಡಿಶ್‌ನಲ್ಲೂ ಫಾಸ್ಫೋ-ಇಆರ್‌ಕೆ (ಸಂಕೇತ ಬಂದಾಗ ಚುರುಕಾದ ಇಆರ್‌ಕೆ ಪ್ರೋಟೀನ್) ಪಟ್ಟಿ ಅಷ್ಟೇ ಕಪ್ಪು. ಕಾರಣ ಸೀರಮ್, ಅದೂ ಇಆರ್‌ಕೆಯನ್ನು ಎಬ್ಬಿಸುತ್ತದೆ. ರಾತ್ರಿಯಿಡೀ ಸೀರಮ್ ತಪ್ಪಿಸಿದೆ. ಬೆಳಗ್ಗೆ ಮೀಡಿಯಂ ಬದಲಿಸಿದರೂ ಇಆರ್‌ಕೆ ಎದ್ದುಬಿಡುತ್ತಿತ್ತು, ಅದಕ್ಕೆ ಇದ್ದ ಮೀಡಿಯಂಗೇ ಒಂದು ಹನಿ ನ್ಯೂರೆಗುಲಿನ್ ಬಿಟ್ಟು ಹತ್ತು ನಿಮಿಷ ಕಾದೆ. ಈ ಸಲ ಒಂದು ಕಡೆ ಖಾಲಿ, ಪಕ್ಕದಲ್ಲಿ ದಪ್ಪ ಪಟ್ಟಿ.